ಒಣನೆಲದ ಕುರಿ, ಹಸಿನೆಲದ ಹುಳ

ಕಕ್ಕೇರಾದ ಸುತ್ತ ದೊಡ್ಡಿಗಳು ಹೆಚ್ಚು. ಹೊಲದಲ್ಲೇ ಮನೆ, ಮನೆಯ ಮಗ್ಗುಲಿಗೆ ಮುಳ್ಳುಬೇಲಿಯ ಕುರಿಹಟ್ಟಿ. ಎಪ್ಪತ್ತರ ದಶಕದಲ್ಲಿ ನಾನು ಬೆಳೆದದ್ದು ಅಂಥದೊಂದು ದೊಡ್ಡಿಯಲ್ಲಿ. ಆಗ ಇದು ಗುಲಬರ್ಗಾ ಜಿಲ್ಲೆಯ ಸುರಪುರ ತಾಲ್ಲೂಕು. ಯಾದಗಿರಿ ಜಿಲ್ಲೆಯಾದದ್ದು ಬಹಳ ತಡವಾಗಿ, 2010ರ ಹೊತ್ತಿಗೆ. ಕೃಷ್ಣೆ ಹತ್ತಿರದಲ್ಲೇ ಹರಿಯುತ್ತಿದ್ದರೂ ನೀರು ನಮ್ಮ ಹೊಲಕ್ಕೆ ಹತ್ತುತ್ತಿರಲಿಲ್ಲ. ಜೋಳ, ಸಜ್ಜೆ, ತೊಗರಿ, ಮತ್ತೆ ಕುರಿ, ಆಡು. ಅಷ್ಟೇ ಬದುಕು.

ಮಳೆಗಾಲದ ನಡುವೆ ಕುರಿ ಸಾಯುತ್ತಿದ್ದವು. ಶ್ರಾವಣ ಕಳೆಯುವ ಹೊತ್ತಿಗೆ ಮರಿಗಳ ಗದ್ದದ ಕೆಳಗೆ ನೀರು ಇಳಿದು ಚೀಲದಂತೆ ಜೋತಾಡುತ್ತಿತ್ತು. ಸಂಜೆ ಹಿಂಡಿನ ಹಿಂದೆ ಬೀಳುತ್ತಿದ್ದ ಮರಿ ಮರುದಿನ ಏಳುತ್ತಿರಲಿಲ್ಲ. ಮುತ್ಯಾ ಅದರ ಕಣ್ಣಿನ ರೆಪ್ಪೆ ಮಗುಚಿ ನೋಡಿ, "ರಗತ ಇಲ್ಲ, ಬಿಳಚಿಗ್ಯಾದ" ಅನ್ನುತ್ತಿದ್ದರು. ರೋಗ ಗುರುತಿಸುವುದು ಅವರಿಗೆ ಗೊತ್ತಿತ್ತು. ಮದ್ದು ಮಾತ್ರ ಅಂದಾಜಿನದು. ಬೇವಿನ ಸೊಪ್ಪು ಅರೆದು, ಮುತ್ತಲದ ಬೀಜ ಕುಟ್ಟಿ ಮಜ್ಜಿಗೆಯಲ್ಲಿ ಕಲಸಿ ಬಿದಿರಿನ ಗೊಟ್ಟದಿಂದ ಕುಡಿಸುತ್ತಿದ್ದರು. ಅದಕ್ಕೂ ಬಗ್ಗದಿದ್ದರೆ ಮೈಲುತುತ್ತದ ನೀರು. ಮೈಲುತುತ್ತ ಹುಳ ಕೊಲ್ಲುತ್ತದೆ, ನಿಜ. ಒಂದು ಕಾಲಕ್ಕೆ ಜಗತ್ತಿನ ಪಶುವೈದ್ಯರೆಲ್ಲ ಅದನ್ನೇ ಕೊಡುತ್ತಿದ್ದರು. ಆದರೆ ತಾಮ್ರವನ್ನು ಕುರಿಯಷ್ಟು ತಾಳಲಾರದ ಪ್ರಾಣಿ ಸಾಕುಪ್ರಾಣಿಗಳಲ್ಲಿ ಮತ್ತೊಂದಿಲ್ಲ. ಕೈಯಳತೆ ಸ್ವಲ್ಪ ಹೆಚ್ಚಾದರೂ ಮದ್ದೇ ಕೊಲ್ಲುತ್ತಿತ್ತು. ಹಳೆಯ ಕಾಲದ ಮದ್ದನ್ನು ಹೊಗಳುವವರಿಗೆ ನಾನು ಈ ಮಾತು ಹೇಳದೆ ಬಿಡುವುದಿಲ್ಲ.

ಕುರಿ ಬಿಳಚಿಸುವ ಆ ಹುಳಕ್ಕೆ ಹೆಮಾಂಕಸ್ ಎಂದು ಹೆಸರು. ಹೆಣ್ಣುಹುಳದ ಮೈಯಲ್ಲಿ ಕೆಂಪು ಕರುಳಿಗೆ ಬಿಳಿ ಗರ್ಭನಾಳ ಹುರಿಯಂತೆ ಸುತ್ತಿಕೊಂಡಿರುತ್ತದೆ. ಕುರಿಯ ನಾಲ್ಕನೆಯ ಹೊಟ್ಟೆಯಲ್ಲಿ ಕಚ್ಚಿಕೊಂಡು ಒಂದು ಹುಳ ದಿನಕ್ಕೆ ಸುಮಾರು 0.05 ಮಿಲಿಲೀಟರ್ ರಕ್ತ ಕಳೆಯುತ್ತದೆ. ಸಾವಿರ ಹುಳ ಸೇರಿದರೆ 50 ಮಿಲಿಲೀಟರ್. ಇಪ್ಪತ್ತು ಕಿಲೋ ತೂಗುವ ಮರಿಯ ಮೈಯಲ್ಲಿರುವ ರಕ್ತವೇ ಒಂದೂಕಾಲು ಲೀಟರಿನ ಆಸುಪಾಸು. ಒಂದು ಹೆಣ್ಣುಹುಳ ದಿನಕ್ಕೆ ಇಡುವ ಮೊಟ್ಟೆ ಸಾವಿರಗಳ ಲೆಕ್ಕದಲ್ಲಿ. ಅವು ಹಿಕ್ಕೆಯೊಂದಿಗೆ ನೆಲಕ್ಕೆ ಬಿದ್ದು, ಬಿಸಿ ಮತ್ತು ತೇವ ಎರಡೂ ಸಿಕ್ಕರೆ ವಾರದೊಳಗೆ ಸೋಂಕು ಹತ್ತಿಸುವ ಮರಿಹುಳಗಳಾಗಿ, ಇಬ್ಬನಿಯ ಪಸೆ ಹಿಡಿದು ಹುಲ್ಲಿನ ಎಸಳು ಏರುತ್ತವೆ. ಕುರಿ ಮೇಯ್ದರೆ ಮೂರು ವಾರದಲ್ಲಿ ಅದರ ಹೊಟ್ಟೆಯೊಳಗೆ ಹೊಸ ಪೀಳಿಗೆ ಮೊಟ್ಟೆ ಇಡಲು ತಯಾರು.

ಇದು ತಿಳಿದ ಮೇಲೆ ನಮ್ಮ ಹಳೆಯ ನಡಾವಳಿ ನನಗೆ ಬೇರೆಯಾಗಿ ಕಾಣತೊಡಗಿತು. ಸುಗ್ಗಿ ಮುಗಿದರೆ ಹಿಂಡು ಊರು ಬಿಡುತ್ತಿತ್ತು. ಇಂದು ಒಬ್ಬರ ಹೊಲ, ನಾಲ್ಕು ರಾತ್ರಿ ಕಳೆದರೆ ಮತ್ತೊಬ್ಬರ ಹೊಲ. ಗೊಬ್ಬರಕ್ಕಾಗಿ ಕುರಿ ನಿಲ್ಲಿಸಿಕೊಂಡ ಒಕ್ಕಲಿಗರು ಜೋಳ ಕೊಡುತ್ತಿದ್ದರು. ಹಿಕ್ಕೆ ಬಿದ್ದ ನೆಲಕ್ಕೆ ಅದೇ ಕುರಿ ಮರಳುವುದು ಎಷ್ಟೋ ತಿಂಗಳ ಮೇಲೆ. ಅಷ್ಟರಲ್ಲಿ ಏಪ್ರಿಲ್-ಮೇ ತಿಂಗಳ ನಲವತ್ತು ಡಿಗ್ರಿ ದಾಟಿದ ಬಿಸಿಲು ಕರಿನೆಲವನ್ನು ಬಿರಿಸಿ, ಹುಲ್ಲಿಗೆ ಏರಬೇಕಾದ ಮರಿಹುಳಗಳನ್ನು ಒಣಗಿಸಿಬಿಡುತ್ತಿತ್ತು. ಹಿರಿಯರು ಹುಳ ತಡೆಯಲೆಂದು ಅಲೆದವರಲ್ಲ, ಮೇವಿಗಾಗಿ ಅಲೆದವರು. ಆದರೂ ಮೈಲುತುತ್ತಕ್ಕಿಂತ ಆ ಅಲೆತ ಮತ್ತು ಆ ಬಿಸಿಲೇ ಹಿಂಡನ್ನು ಹೆಚ್ಚು ಉಳಿಸಿದ್ದು.

ನಾರಾಯಣಪುರದ ಬಸವಸಾಗರ ಜಲಾಶಯ 1982ರಲ್ಲಿ ಮುಗಿಯಿತು. ಎಡದಂಡೆ ಕಾಲುವೆಯ ನೀರು ಸುರಪುರ, ಶಹಾಪುರದ ಹೊಲಗಳಿಗೆ ಇಳಿಯಿತು. ಸಜ್ಜೆ ಬೆಳೆಯುತ್ತಿದ್ದ ನೆಲದಲ್ಲಿ ಭತ್ತ ನಿಂತಿತು. ಕಾಲುವೆ ಬಾರದಿದ್ದರೆ ಚೆನ್ನಾಗಿತ್ತು ಎಂದು ನಾನೆಂದೂ ಹೇಳೆ. ಗುಳೆ ಹೋಗುವುದು ತಪ್ಪಿದ ಮನೆಗಳನ್ನು ಕಣ್ಣಾರೆ ಕಂಡಿದ್ದೇನೆ. ಆದರೆ ಕುರಿಯ ಪಾಲಿಗೆ ನೆಲವೇ ಬದಲಾಯಿತು. ಗೋಮಾಳಗಳು ಕರಗಿದವು. ಬೇಸಿಗೆಯಲ್ಲೂ ಹಸಿರಿರುವ ಕಾಲುವೆಯ ದಂಡೆ, ಬಸಿನೀರಿನ ಹಳ್ಳ, ಭತ್ತದ ಕೂಳೆ, ಇಷ್ಟೇ ಮೇಯುವ ಜಾಗ. ಹಿಂಡು ಅಲ್ಲಲ್ಲೇ ಸುತ್ತತೊಡಗಿತು.

ನಿಂತ ನೀರಿನೊಡನೆ ಬಸವನಹುಳು ಬಂತು, ಅದರೊಡನೆ ಎಲೆಹುಳ. ಫ್ಯಾಸಿಯೋಲಾ ಎಂಬ ಈ ಹುಳದ ಮರಿಗಳು ಬಸವನಹುಳುವಿನ ಮೈಯೊಳಗೆ ಬೆಳೆದು ಹೊರಬಂದು, ನೀರಂಚಿನ ಹುಲ್ಲಿಗೆ ಕೋಶ ಕಟ್ಟಿಕೊಂಡು ಕಾಯುತ್ತವೆ. ಹಬ್ಬಕ್ಕೆ ಕೊಯ್ದ ಕುರಿಯ ಕಲೀಜದಲ್ಲಿ ಗಟ್ಟಿಯಾದ ನಾಳಗಳನ್ನು ಸೀಳಿದರೆ ಹೊರಬೀಳುವ ಚಪ್ಪಟೆ ಹುಳಗಳನ್ನು ನಾನು ಮೊದಲು ಕಂಡದ್ದು ಕಾಲುವೆ ಬಂದ ಮೇಲೆಯೇ.

ಔಷಧಿಯೂ ಅದೇ ಕಾಲಕ್ಕೆ ಕೈಗೆ ಸಿಕ್ಕಿತು: ಆಲ್ಬೆಂಡಜೋಲ್, ಫೆನ್‌ಬೆಂಡಜೋಲ್, ಆಮೇಲೆ ಐವರ್ಮೆಕ್ಟಿನ್. ಜಪಾನಿನ ಮಣ್ಣಿನ ಒಂದು ಸೂಕ್ಷ್ಮಜೀವಿಯಿಂದ ಹುಟ್ಟಿದ ಈ ಕೊನೆಯದಕ್ಕೆ ಕಾರಣರಾದ ಸತೋಶಿ ಓಮುರ ಮತ್ತು ವಿಲಿಯಂ ಕ್ಯಾಂಪ್‌ಬೆಲ್‌ಗೆ 2015ರಲ್ಲಿ ನೊಬೆಲ್ ಬಂತು. ಗೊಟ್ಟ ಹಿಡಿದು ಬೆಳೆದ ನಮಗೆ ಇವು ಪವಾಡವೇ ಆಗಿದ್ದವು. ಈಗ ಆ ಪವಾಡ ಸವೆಯುತ್ತಿದೆ. ವರ್ಷವೆಲ್ಲ ಒಂದೇ ಬಾಟಲಿ, ತೂಕ ನೋಡದ ಅರೆಬರೆ ಅಳತೆ, ಇಡೀ ಹಿಂಡಿಗೆ ಒಂದೇ ದಿನ. ಸಾಯದೆ ಉಳಿದ ಹುಳಗಳೇ ಮುಂದಿನ ಪೀಳಿಗೆಯ ತಾಯಂದಿರು. ಔಷಧಿಗೆ ಬಗ್ಗದ ಹೆಮಾಂಕಸ್ ನಮ್ಮ ದೇಶದ ಕುರಿಗಳಲ್ಲೂ ಕಂಡುಬಂದಿದೆ. ಫೆನ್‌ಬೆಂಡಜೋಲ್ ಕುಡಿಸಿ ಎಲೆಹುಳ ಸಾಯಲಿಲ್ಲ ಎನ್ನುವವರೂ ಇದ್ದಾರೆ. ರೂಢಿಯ ಅಳತೆಯಲ್ಲಿ ಅದು ಎಲೆಹುಳಕ್ಕೆ ತಾಗುವುದೇ ಇಲ್ಲ. ಅದಕ್ಕೆ ಆಕ್ಸಿಕ್ಲೋಜನೈಡ್‌ನಂಥದ್ದೇ ಬೇಕು. ಆಡಿನ ಮೈ ಈ ಔಷಧಿಗಳನ್ನು ಕುರಿಗಿಂತ ಬೇಗ ಕರಗಿಸಿ ಹಾಕುವುದರಿಂದ ಕುರಿಯ ಅಳತೆ ಆಡಿಗೆ ಸಾಲದು. ಎಷ್ಟು ಹೆಚ್ಚಿಸಬೇಕೆಂದು ಪಶುವೈದ್ಯರನ್ನೇ ಕೇಳಬೇಕು. ಎಲ್ಲ ಔಷಧಿಗೂ ಒಂದೇ ಲೆಕ್ಕ ಇಲ್ಲ.

ದಕ್ಷಿಣ ಆಫ್ರಿಕಾದಲ್ಲಿ ತೊಂಬತ್ತರ ದಶಕದಲ್ಲಿ ಫಮಾಚಾ ಎಂಬ ಕಾರ್ಡು ಬಂತು. ಕುರಿಯ ಕೆಳರೆಪ್ಪೆಯ ಒಳಬಣ್ಣವನ್ನು ಐದು ಬಣ್ಣಗಳೊಂದಿಗೆ ಹೋಲಿಸಿ, ಬಿಳಚಿದವಕ್ಕೆ ಮಾತ್ರ ಔಷಧಿ ಕುಡಿಸುವ ಪದ್ಧತಿ. ಹಿಂಡಿನ ಹುಳಗಳಲ್ಲಿ ಬಹುಪಾಲು ಕೆಲವೇ ಕುರಿಗಳ ಹೊಟ್ಟೆಯಲ್ಲಿರುತ್ತವೆ. ಉಳಿದವನ್ನು ಬಿಟ್ಟರೆ ಔಷಧಿಗೆ ಬಗ್ಗುವ ಹುಳಗಳ ಸಂತತಿಯೂ ಉಳಿಯುತ್ತದೆ. ಮುತ್ಯಾ ರೆಪ್ಪೆ ಮಗುಚುತ್ತಿದ್ದರಲ್ಲ, ಅದೇ ನೋಟ. ಆಗ ಕೈಯಲ್ಲಿ ಸರಿಯಾದ ಮದ್ದಿರಲಿಲ್ಲ, ಈಗ ಮದ್ದಿದ್ದೂ ನೋಡುವ ವ್ಯವಧಾನವಿಲ್ಲ. ಆದರೆ ಈ ನೋಟ ರಕ್ತ ಹೀರುವ ಹುಳಕ್ಕೆ ಮಾತ್ರ ನಡೆಯುತ್ತದೆ. ಉಳಿದವಕ್ಕೆ ಹಿಕ್ಕೆ ಪರೀಕ್ಷೆಯೇ ಗತಿ. ಔಷಧಿ ಕುಡಿಸುವ ದಿನ ಒಮ್ಮೆ, ಎರಡು ವಾರದ ಮೇಲೆ ಮತ್ತೊಮ್ಮೆ ಮೊಟ್ಟೆ ಎಣಿಸಿದರೆ ಆ ಔಷಧಿ ನಿಮ್ಮ ಹಿಂಡಿನಲ್ಲಿ ಇನ್ನೂ ನಡೆಯುತ್ತದೋ ಇಲ್ಲವೋ ತಿಳಿಯುತ್ತದೆ.

ಇನ್ನೊಂದು, ಅಂದೂ ಇಂದೂ ಬದಲಾಗದ್ದು, ನಾಯಿ. ಸತ್ತ ಕುರಿಯ ತಲೆಯನ್ನು ಹಿಂಡಿನ ನಾಯಿಗೆ ಎಸೆಯುವುದು ಈಗಲೂ ನಡೆದಿದೆ. ಕುರಿಯ ಮಿದುಳಿನ ನೀರುಗುಳ್ಳೆ ನಾಯಿಯ ಹೊಟ್ಟೆಗೆ ಹೋದರೆ ಲಾಡಿಹುಳ. ಅದರ ಮೊಟ್ಟೆ ನಾಯಿಯ ಹೇಲಿನಿಂದ ಹುಲ್ಲಿಗೆ, ಹುಲ್ಲಿನಿಂದ ಮತ್ತೆ ಕುರಿಯ ಮಿದುಳಿಗೆ. ಕುರಿ ತಲೆ ವಾಲಿಸಿ ಒಂದೇ ಕಡೆ ಗಿರಗಿರ ತಿರುಗುತ್ತದೆ. ನಾಯಿಗೂ ಗುಳಿಗೆ ಹಾಕಬೇಕೆಂದು ಹೇಳಿದರೆ ನಮ್ಮ ಕಾಕಾ ಇವತ್ತಿಗೂ, "ಅದು ಗಟ್ಟಿ ಅದ ತಮ್ಮಾ, ಅದಕ್ಯಾಕ?" ಅನ್ನುತ್ತಾರೆ. ನಾಯಿ ಗಟ್ಟಿಯಾಗಿಯೇ ಇರುತ್ತದೆ. ಆ ಹುಳ ಅದಕ್ಕೆ ಹೆಚ್ಚೇನೂ ಮಾಡುವುದಿಲ್ಲ. ಪ್ರಾಜಿಕ್ವಾಂಟೆಲ್ ಗುಳಿಗೆ ನಾಯಿಗೆ ಹಾಕುವುದು ಕುರಿಗಾಗಿ. ಸತ್ತ ಕುರಿಯ ತಲೆಯನ್ನು ನಾಯಿ ಕೆದರದಷ್ಟು ಆಳಕ್ಕೆ ಹೂಳುವುದಕ್ಕಂತೂ ಒಂದು ಗುದ್ದಲಿ ಸಾಕು.