ಕಾರಿನೊಳಗಿನ ಮರ

ಮಕ್ಕಳೇ, ಕಾರು ಎಂದರೆ ಬರೀ ಕಬ್ಬಿಣ ಎಂದುಕೊಂಡಿದ್ದೀರಾ? ಇಂಗ್ಲೆಂಡಿನ ಅಬಿಂಗ್ಡನ್ನಿಗೆ ಹೋಗುವವರೆಗೆ ನಾನೂ ಹಾಗೆಯೇ ತಿಳಿದಿದ್ದೆ.

ಥೇಮ್ಸ್ ನದಿಯ ದಡದ ಈ ಊರಿನಲ್ಲಿ 1929ರಿಂದ 1980ರವರೆಗೆ ಎಂ.ಜಿ. ಕಾರುಗಳು ತಯಾರಾಗುತ್ತಿದ್ದವು. ಇಬ್ಬರೇ ಕೂರುವ ‘ಟಿ.ಸಿ.’ ಎಂಬ ಸ್ಪೋರ್ಟ್ಸ್ ಕಾರು ಹುಟ್ಟಿದ್ದು 1945ರಲ್ಲಿ. 1949ರ ಹೊತ್ತಿಗೆ ಸುಮಾರು 10,000 ತಯಾರಾದವು. ಹಲವು ಹಡಗು ಹತ್ತಿ ಅಮೆರಿಕಕ್ಕೂ ಹೋದವು. ಅಲ್ಲಿ ವಾಹನಗಳು ರಸ್ತೆಯ ಬಲಬದಿಯಲ್ಲಿ ಓಡುತ್ತವೆ. ಆದರೂ ಈ ಕಾರಿನ ಸ್ಟಿಯರಿಂಗ್ ನಮ್ಮ ಕಾರುಗಳಂತೆ ಬಲಕ್ಕೇ ಇತ್ತು!

ಊರಾಚೆಯ ಶೆಡ್ಡೊಂದರಲ್ಲಿ, ಅಮೆರಿಕದಿಂದ ಮರಳಿ ತರಿಸಿದ ಅಂಥದೊಂದು ಕಾರಿನ ರಿಪೇರಿ ನಡೆದಿತ್ತು. ತಗಡು ಬಿಚ್ಚಿದರೆ ಒಳಗೆ ಆ್ಯಶ್ ಮರದ ಚೌಕಟ್ಟು! ವರ್ಷಗಟ್ಟಲೆ ಮಳೆಯಲ್ಲಿ ನೆನೆದು ಬಾಗಿಲ ಪಕ್ಕದ ಮರ ಕೊಳೆತು ಚೂರಾಗಿತ್ತು.

ನನ್ನ ಮೊಮ್ಮಗ ಆ ಚೂರುಗಳನ್ನು ಬಾಚಿ ಕಸದ ಡಬ್ಬಿಗೆ ಹಾಕಹೊರಟ. ಹಿರಿಯ ಬಡಗಿ ಗಾಬರಿಯಿಂದ ತಡೆದರು. ಚೂರುಗಳನ್ನು ಹೊಸ ಹಲಗೆಯ ಮೇಲೆ ಒಂದಕ್ಕೊಂದು ಜೋಡಿಸಿ, ಸುತ್ತ ಪೆನ್ಸಿಲಿನಿಂದ ಗೆರೆ ಎಳೆಯತೊಡಗಿದರು.

“ನಮಗಿರುವ ಅಳತೆ ಇದೊಂದೇ ಮಗು. ಇದು ಹೋದರೆ ಬಾಗಿಲು ಸರಿಯಾಗಿ ಕೂರದು” ಎಂದರು.

ಗೆರೆ ಒಂದು ಕಡೆ ನಿಂತಿತು. ಮೊಮ್ಮಗ ನೆಲವೆಲ್ಲ ತಡಕಿ, ಬೆರಳುದ್ದದ ಚೂರೊಂದನ್ನು ತಂದಿಟ್ಟ. ಗೆರೆ ಕೂಡಿಕೊಂಡಿತು.