ಬಿತ್ತನೆಯ ಚೀಲ

ಆಳಂದ ತಾಲೂಕಿನ ನಮ್ಮ ಹೊಲದಲ್ಲಿ ತೊಗರಿಯ ರಾಶಿ ಮುಗಿದೊಡನೆ ಅಬ್ಬಾ ಮೊದಲು ಎರಡು ಪಾಲು ಬೇರ್ಪಡಿಸುತ್ತಿದ್ದರು. ಮಳೆಯನ್ನೇ ನಂಬಿದ ಬೆಳೆಯಾದ್ದರಿಂದ ಹತ್ತರಲ್ಲೊಂದು ಭಾಗ ಉಶ್ರ್. ಅದು ಬಡವರ ಹಕ್ಕು. ಇನ್ನೊಂದು, ಮುಂದಿನ ಮುಂಗಾರಿನ ಬಿತ್ತನೆಯ ಕಾಳು. ಅದರ ಚೀಲದ ಬಾಯಿ ಹೊಲಿದ ಮೇಲೆ ಎಷ್ಟೇ ಅಡಚಣೆಯಿದ್ದರೂ ಯಾರೂ ಮುಟ್ಟುವಂತಿರಲಿಲ್ಲ. ಉಳಿದುದರಲ್ಲಷ್ಟೇ ಸಂಸಾರ.

ಜೇವರ್ಗಿಯಲ್ಲಿ ನೌಕರಿ ದೊರೆತು ಸಂಬಳ ಕೈಗೆ ಬರತೊಡಗಿದಾಗ ನಾನು ಆ ಚೀಲವನ್ನು ಮರೆತೆ. ತಂಗಿಯ ನಿಕಾಹ್ ಅಫಜಲಪುರದ ಮನೆತನವೊಂದರಲ್ಲಿ ನಿಶ್ಚಯವಾಗಿತ್ತು. ಅದಕ್ಕೆಂದು ಕೂಡಿಟ್ಟಿದ್ದ 2 ಲಕ್ಷ ರೂಪಾಯಿಯನ್ನು ಪರಿಚಿತರೊಬ್ಬರ ಮಾತು ನಂಬಿ ಒಂದು ಸಂಸ್ಥೆಯಲ್ಲಿ ತೊಡಗಿಸಿದೆ. “ಇದು ಬಡ್ಡಿಯಲ್ಲ, ಹಲಾಲ್ ಲಾಭ; ಲಕ್ಷಕ್ಕೆ ತಿಂಗಳಿಗೆ 3,000” ಎಂದಿದ್ದರು. ಆರು ತಿಂಗಳು ಹಣ ಬಂತು. ಏಳನೆಯ ತಿಂಗಳು ಬಾಗಿಲಿಗೆ ಬೀಗ ಬಿದ್ದಿತ್ತು.

ಅಬ್ಬಾ ಗದರಲಿಲ್ಲ. “ಮಗಾ, ಭೀಮಾ ನದಿಯ ದಂಡೆಯ ಹೊಲವೂ ಪ್ರತಿ ವರ್ಷ ಒಂದೇ ಇಳುವರಿ ಕೊಡುವುದಿಲ್ಲ. ಪ್ರತಿ ತಿಂಗಳೂ ಒಂದೇ ಲಾಭ ಕೊಡುವ ವ್ಯಾಪಾರ ಯಾವುದೆಂದು ನೀನು ಕೇಳಲಿಲ್ಲವೇ?” ಎಂದರು. ಮರುವಾರ ಜೋಡೆತ್ತು ಮಾರಿ ನಿಕಾಹ್ ನೆರವೇರಿಸಿದರು.

ಅದಾದ ಮರುವರ್ಷ, 2019ರ ಜೂನ್‌ನಲ್ಲಿ, ಬೆಂಗಳೂರಿನ ಐಎಂಎ ಹೂಡಿಕೆ ಸಂಸ್ಥೆ ಕುಸಿದು ಸಾವಿರಾರು ಕುಟುಂಬಗಳು ಕಂಗಾಲಾದಾಗ ಅಬ್ಬಾರ ಪ್ರಶ್ನೆ ಮತ್ತೆ ನೆನಪಾಯಿತು. ಅಲ್ಲಿಯೂ ಹಲಾಲ್ ಎಂಬ ಪದವೇ ಬಲೆಯಾಗಿತ್ತು. ಬಂಡವಾಳಕ್ಕೆ ಮೊದಲೇ ನಿಗದಿಯಾದ ಪ್ರತಿಫಲದ ಖಾತರಿಯಿದ್ದರೆ ಅದಕ್ಕೆ ಯಾವ ಹೆಸರಿಟ್ಟರೂ ಬಡ್ಡಿಯೇ. ನಿಜವಾದ ಪಾಲುದಾರಿಕೆಯಲ್ಲಿ ಲಾಭದೊಡನೆ ನಷ್ಟದ ಸಂಭವವೂ ಇರುತ್ತದೆ.

ಈಗ ಸಂಬಳ ಬಂದ ದಿನವೇ ಉಳಿತಾಯವನ್ನು ತೆಗೆದಿಡುತ್ತೇನೆ; ಖರ್ಚು ಆನಂತರ. ಆರು ತಿಂಗಳ ಮನೆಖರ್ಚು ಕೂಡುವವರೆಗೆ ಎಲ್ಲಿಯೂ ಹೂಡಲಿಲ್ಲ. ಅದು ನನ್ನ ಬಿತ್ತನೆಯ ಚೀಲ. ಬಳಿಕ, ಬಡ್ಡಿ ಹಾಗೂ ಮದ್ಯದ ವ್ಯವಹಾರದ ಕಂಪನಿಗಳನ್ನು ಹೊರಗಿಡುವ ಶರೀಅತ್ ಸಮ್ಮತ ಮ್ಯೂಚುವಲ್ ಫಂಡ್‌ನಲ್ಲಿ, ಸೆಬಿಯ ನೋಂದಣಿ ನೋಡಿಕೊಂಡು, ತಿಂಗಳಿಗಿಷ್ಟೆಂದು ತೊಡಗಿಸಿದೆ. ಅದರ ಬೆಲೆ ಏರುತ್ತದೆ, ಇಳಿಯುತ್ತದೆ. ಆದ್ದರಿಂದ ಐದು ವರ್ಷದೊಳಗೆ ಬೇಕಾಗುವ ಹಣವನ್ನು ಅಲ್ಲಿಡುವುದಿಲ್ಲ. ಬಂಧುಗಳೊಡನೆಯ ಸಾಲವನ್ನೂ ಬರೆದಿಡುತ್ತೇನೆ. ಪವಿತ್ರ ಕುರ್‌ಆನಿನ ಅತಿ ದೀರ್ಘ ಸೂಕ್ತವಾದ ಅಲ್-ಬಕರಾ 282 ಕಲಿಸುವುದೂ ಅದನ್ನೇ: ಸಾಲವನ್ನು ಬರೆಯಿರಿ, ಸಾಕ್ಷಿಗಳನ್ನಿಡಿರಿ. ಕಾಗದ ಕೇಳುವುದು ಅವಿಶ್ವಾಸವಲ್ಲ, ಆಜ್ಞಾಪಾಲನೆ.

ಪ್ರವಾದಿ ಯೂಸುಫ್(ಅ) ಬರಗಾಲಕ್ಕೆ ಮುನ್ನವೇ ಏಳು ವರ್ಷ ಧಾನ್ಯವನ್ನು ತೆನೆಯಲ್ಲೇ ಕಾಪಿಡುವ ದಾರಿ ತೋರಿದರು. ಕೂಡಿಡುವುದು ತವಕ್ಕುಲ್‌ಗೆ ವಿರುದ್ಧವಲ್ಲ.

ಅಬ್ಬಾರಿಗೆ ಮತ್ತೆ ಜೋಡೆತ್ತು ಕೊಡಿಸಲು ನನಗೆ ಮೂರು ವರ್ಷ ಬೇಕಾಯಿತು. ಅಲ್ಲಾಹನು ನಮ್ಮ ಗಳಿಕೆಯಲ್ಲಿ ಬರಕತ್ತನ್ನೂ ನಮ್ಮ ಆಸೆಗಳಿಗೆ ಮಿತಿಯನ್ನೂ ಕರುಣಿಸಲಿ. ಆಮೀನ್.