ಅಕ್ಕನ ಕಿವಿ ಮತ್ತು ಕಾಂಟ್ರಾ ಹಾಡು

ಕಾಂಟ್ರಾ ಅಂದ ಕೂಡಲೇ ನಿಮ್ಮ ಕಿವಿಯಲ್ಲಿ ಆ ಹಾಡು ಶುರುವಾಯಿತಾ? ಹಾಗಿದ್ದರೆ ನೀವು ನಮ್ಮವರೇ :)

ಬಸವಕಲ್ಯಾಣದ ನಮ್ಮ ಮನೆಯಲ್ಲಿ ಟಿವಿಗೆ ಸಿಕ್ಕಿಸುವ ವಿಡಿಯೋ ಗೇಮ್ ಇತ್ತು. ಹಳದಿ ಕ್ಯಾಸೆಟ್ಟು, ಎರಡು ರಿಮೋಟು. ಅದು ನಿಂಟೆಂಡೊದವರು 1983ರಲ್ಲಿ ಜಪಾನಿನಲ್ಲಿ ತಂದ ಫ್ಯಾಮಿಕಾಮ್‌ನ ನಕಲು ಅಂತ ಗೊತ್ತಾಗಿದ್ದು ಇಂಜಿನಿಯರಿಂಗ್ ಓದುವಾಗ. ಆಡುತ್ತಿದ್ದವರು ನಾನು, ಅಕ್ಕ. ಅವಳು ಮದುವೆಯಾಗಿ ಹುಮನಾಬಾದಿಗೆ ಹೋದ ವರ್ಷವೇ ಅಪ್ಪ ಅದನ್ನು ಗುಜರಿಗೆ ಹಾಕಿದರು.

ಕಳೆದ ದೀಪಾವಳಿಗೆ ಅಕ್ಕನ ಮನೆಗೆ ಹೋದಾಗ ಲ್ಯಾಪ್‌ಟಾಪು, ಎರಡು ಯುಎಸ್‌ಬಿ ರಿಮೋಟು ಒಯ್ದಿದ್ದೆ. ಎಮ್ಯುಲೇಟರ್ ಹಾಕಿ, ಕೊನಾಮಿಯವರ 1988ರ ಕಾಂಟ್ರಾ ಹಚ್ಚಿದೆ. ಒಳಗೆ ರೊಟ್ಟಿ ಬಡಿಯುತ್ತಿದ್ದ ಅಕ್ಕ ಅಲ್ಲಿಂದಲೇ ಅಂದಳು: "ಇದು ನಮ್ದಲ್ಲ ಬಿಡೋ, ಹಾಡು ಬ್ಯಾರೇನೇ ಅದ."

ಹುಡುಕಿ ಓದಿದಾಗ ಅವಳ ಕಿವಿ ನಿಜವನ್ನೇ ಹೇಳಿತ್ತು. ಆ ಗೇಮುಗಳಲ್ಲಿ ಹಾಡು ರೆಕಾರ್ಡ್ ಆಗಿ ಇರುವುದಿಲ್ಲ, ಚಿಪ್ಪೇ ವಾದ್ಯ. ಅದರಲ್ಲಿ ಐದು ಚಾನೆಲ್: ಎರಡು ಚೌಕ ಅಲೆ, ಒಂದು ತ್ರಿಕೋನ ಅಲೆ, ಒಂದು ಬರೀ ಗದ್ದಲ, ಇನ್ನೊಂದು ಪುಟ್ಟ ರೆಕಾರ್ಡಿಂಗ್ ನುಡಿಸಲು. ಚೌಕ ಅಲೆ ಪ್ರತಿ ಸುತ್ತಿನಲ್ಲಿ ಎಷ್ಟು ಹೊತ್ತು ಮೇಲಿರುತ್ತದೋ ಅದರ ಮೇಲೆ ದನಿ ಬದಲಾಗುತ್ತದೆ. ಕಾಲು ಭಾಗ ಮೇಲಿದ್ದರೆ ಹರಿತ, ಅರ್ಧ ಭಾಗ ಇದ್ದರೆ ದುಂಡಗೆ. ಎಷ್ಟೋ ನಕಲಿ ಚಿಪ್ಪುಗಳಲ್ಲಿ ಇವೆರಡೂ ಅದಲು ಬದಲು! ಜೊತೆಗೆ ನಮ್ಮ ಆಗಿನ ಟಿವಿಗಳು ಪಾಲ್ ಪದ್ಧತಿಯವು. ಅಸಲಿ ಸೆಟ್ಟು ಸೆಕೆಂಡಿಗೆ ಸುಮಾರು 60 ಚಿತ್ರ ಕೊಟ್ಟರೆ, ನಮ್ಮ ಕಡೆಯ ನಕಲು ಕೊಡುತ್ತಿದ್ದದ್ದು 50. ಹಾಡು ಚಿತ್ರದ ಲೆಕ್ಕಕ್ಕೇ ಓಡುವುದರಿಂದ ಅದೂ ನಿಧಾನ.

ಎಫ್‌ಸಿಇಯುಎಕ್ಸ್ ಎಂಬ ಎಮ್ಯುಲೇಟರಿನಲ್ಲಿ ಡ್ಯೂಟಿ ಸೈಕಲ್ ಅದಲು ಮಾಡುವ ಆಯ್ಕೆಯೇ ಇದೆ. ಅದನ್ನು ಒತ್ತಿದೆ. ರೀಜನ್ 'ಡೆಂಡಿ' ಅಂತ ಇಟ್ಟೆ (ರಷ್ಯಾದಲ್ಲಿ 1992ರಿಂದ ಮಾರಿದ ಇಂಥದೇ ನಕಲಿನ ಹೆಸರದು). ಮತ್ತೆ ಹಚ್ಚಿದೆ.

ಅಕ್ಕ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. "ಹಾಂ, ಇದೇ ನೋಡು! ಒಂದು ರಿಮೋಟ್ ಇಲ್ಲಿ ಕೊಡು."

ಎಮ್ಯುಲೇಟರ್ ಬರೆಯುವವರು ಅಸಲಿ ಯಂತ್ರಕ್ಕೆ ಎಷ್ಟು ಹತ್ತಿರ ಹೋದೆವು ಅಂತ ಲೆಕ್ಕ ಹಾಕುತ್ತಾರೆ. ನಮಗೆ ಬೇಕಾಗಿದ್ದು ಮಾತ್ರ ನಕಲಿನ ನಕಲು. ಅಪ್ಪ ಗುಜರಿಗೆ ಹಾಕಿದ್ದು ಅದನ್ನೇ ತಾನೇ...

ನಿಮಗೂ ಹಾಡು ಯಾಕೋ ಬೇರೆ ಅನಿಸಿದರೆ ಆ ಎರಡು ಆಯ್ಕೆ ಒಮ್ಮೆ ಬದಲಿಸಿ ನೋಡಿ. ಅಂದ ಹಾಗೆ, ಮೂರನೇ ಲೆವೆಲ್ಲಿನ ಜಲಪಾತದಲ್ಲಿ ಅಕ್ಕ ನನ್ನನ್ನು ಕೆಳಗೇ ಬಿಟ್ಟು ಸರಸರ ಮೇಲೆ ಹತ್ತಿದಳು. ನಾನು ಸತ್ತೆ. ಮೊದಲಿನ ಹಾಗೇ :)